ಘಟ್ಟ ಇಳಿದ ನೀರಿನ ಮೀನು

ದಸರೆ ಕಳೆಯಿತೆಂದರೆ ಬೆಳಗಾವಿಯ ಗಾಳದವರ ಬಾಯಲ್ಲಿ ಒಂದೇ ಮಾತು: "ನೀರ ತಿಳಿ ಆತೇನು?" ಕೇಳುವುದು ಮಲಪ್ರಭೆಯ ನೀರನ್ನಲ್ಲ, ರಕ್ಕಸಕೊಪ್ಪ ಜಲಾಶಯದ್ದೂ ಅಲ್ಲ. ನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಘಟ್ಟದ ಬುಡ ದಾಟಿ, ಪಣಜಿಯ ಮಗ್ಗುಲಲ್ಲಿ ಸಮುದ್ರ ಸೇರುವ ಮಾಂಡೋವಿಯ ನೀರಿನ ವಿಚಾರ ಅದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಊರಿನಲ್ಲಿ ಕೂತು ಉಪ್ಪುನೀರಿನ ಬಣ್ಣದ ಚಿಂತೆ ಮಾಡುವವರು ನಾವು.

ನಂದಗಡದ ಹುಡುಗನೊಬ್ಬ ರಿಬಂದರಿನಲ್ಲಿ ಬಾಡಿಗೆ ಮನೆ ಹಿಡಿದು ಫ್ಯಾಬ್ರಿಕೇಶನ್ ಕೆಲಸ ಮಾಡುತ್ತಾನೆ. ಸಂಜೆ ಕೆಲಸ ಬಿಟ್ಟ ಮೇಲೆ ಅವನೂ ಗಾಳದವನೇ. ನನ್ನ ಫೋನಿಗೆ ಅವನ ಉತ್ತರ ವರ್ಷವೂ ಹೆಚ್ಚುಕಡಿಮೆ ಇದೇ: "ಇಲ್ರೀ ಕಾಕಾ, ಇನ್ನಾ ಕೆಂಪಗ ಐತಿ. ಮ್ಯಾಲ ನಮ್ಮ ಕಡೆ ಮಳಿ ಹೊಡದದ್ದು ಇಲ್ಲಿ ಕಾಣಸ್ತೈತಿ. ಎಂಟ ದಿನಾ ತಡೀರಿ." ಅವನು ಹೇಳುವ "ನಮ್ಮ ಕಡೆ" ಖಾನಾಪುರ ತಾಲ್ಲೂಕು. ಅಲ್ಲಿನ ಕಾಡಿನಲ್ಲಿ ನಾಲ್ಕು ದಿನ ಮಳೆ ಜೋರಾದರೆ ಅದರ ಕೆಸರು ಪಣಜಿಯ ಸೇತುವೆಯ ಕಂಬಗಳಿಗೆ ಬಂದು ತಟ್ಟುತ್ತದೆ. ಆಶ್ವೀಜದಲ್ಲಿ ಗಾಳ ಹಿಡಿದು ಮಾಂಡೋವಿಗೆ ಹೋಗುವ ಬೆಳಗಾವಿಯವನು ತನ್ನ ಜಿಲ್ಲೆಯ ನೀರನ್ನೇ ಕೊನೆಯ ತನಕ ಹಿಂಬಾಲಿಸಿ ಹೋದವನು. ಈ ಮೀನುಗಾರಿಕೆ ನನಗೆ ಇಷ್ಟೊಂದು ಹತ್ತಿರವಾಗಲು ಅದೇ ಕಾರಣ.

ಬೆಳಗಾವಿಗೂ ಗೋವೆಗೂ ಚೋರ್ಲಾ ಘಟ್ಟದ ದಾರಿ ಬರೀ ಪ್ರವಾಸಿಗರದ್ದಲ್ಲ. ರಾತ್ರಿಯೆಲ್ಲ ನಮ್ಮ ಕಡೆಯ ಮೆಣಸಿನಕಾಯಿ, ಕೋಸು, ಗಜ್ಜರಿ, ಕೊತ್ತಂಬರಿ ತುಂಬಿದ ಗಾಡಿಗಳು ಕೆಳಗಿಳಿಯುತ್ತವೆ; ಬೆಳಗಿನ ಜಾವ ಬರ್ಫದಲ್ಲಿ ಹೂತ ಬಂಗಡೆ, ಇಸ್ವಾಣ, ಸಿಗಡಿಯ ಡಬ್ಬಿಗಳನ್ನು ಹೊತ್ತ ಗಾಡಿಗಳು ನೀರು ತೊಟ್ಟಿಕ್ಕುತ್ತ ಮೇಲೇರುತ್ತವೆ. ಶ್ರಾವಣದಲ್ಲಿ ಮೀನು ಬಿಟ್ಟ ಮನೆಗಳು ಗಣಪತಿ, ನವರಾತ್ರಿ ಎಲ್ಲ ಮುಗಿಸಿ ಮತ್ತೆ ಬುಟ್ಟಿ ಹಿಡಿದು ಕ್ಯಾಂಪಿನ ಮೀನು ಮಾರುಕಟ್ಟೆಗೆ ಬರುವುದು ಇದೇ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗಿದ್ದ ನಿಷೇಧ ಕಳೆದು ಆಗಲೇ ಎರಡು ತಿಂಗಳಾಗಿರುತ್ತದೆ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟಾಗಿರುತ್ತದೆ. ದೋಣಿಯವರ ಸುಗ್ಗಿ ಆಗಸ್ಟಿನಲ್ಲೇ ಶುರು. ದಡದಲ್ಲಿ ನಿಂತು ಒಂದು ಗಾಳ, ಒಂದು ದಾರದಲ್ಲಿ ಒಂದೇ ಮೀನನ್ನು ಹುಡುಕುವವರ ಸುಗ್ಗಿ ಮಾತ್ರ ನೀರು ತಿಳಿಯಾಗುವ ತನಕ ಕಾಯಬೇಕು.

ಖಾನಾಪುರ ತಾಲ್ಲೂಕಿನ ದೊಡ್ಡ ಸೋಜಿಗವೆಂದರೆ ಅಲ್ಲಿ ಹುಟ್ಟುವ ಎರಡು ನದಿಗಳು ಬೆನ್ನು ಹಾಕಿ ನಡೆಯುವುದು. ಕಣಕುಂಬಿಯ ಮಾವುಲಿ ದೇವಿಯ ಗುಡಿಯ ಹತ್ತಿರ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಹಬ್ಬನಹಟ್ಟಿಯ ಆಂಜನೇಯನ ಗುಡಿಯನ್ನು ಮಳೆಗಾಲದಲ್ಲಿ ಮುಳುಗಿಸಿ, ಖಾನಾಪುರ ದಾಟಿ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ, ದೇಗಾವದ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಘಟ್ಟದಿಂದ ಧುಮುಕಿ, ಸುಮಾರು ಎಂಬತ್ತು ಕಿಲೋಮೀಟರಿನಲ್ಲಿ ತನ್ನ ಬಾಳು ಮುಗಿಸಿ ಮಾಂಡೋವಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಒಂದೇ ಮೋಡದ ಮಳೆಯಲ್ಲಿ ಒಂದಿಷ್ಟು ಬಾಗಲಕೋಟೆಗೆ, ಒಂದಿಷ್ಟು ಪಣಜಿಗೆ.

ನಮ್ಮಲ್ಲಿ ಬಹುತೇಕರು ಗಾಳ ಹಾಕಲು ಕಲಿತದ್ದು ಮಲಪ್ರಭೆಯಲ್ಲಿ. ಅಸೋಗಾದ ರಾಮಲಿಂಗೇಶ್ವರನ ಗುಡಿಯ ಕೆಳಗಿನ ಬಂಡೆಗಳ ನಡುವೆ, ಬಿದಿರಿನ ಗಳ, ಜೋಳದ ದಂಟಿನ ತೇಲುಬೆಂಡು, ಎರೆಹುಳ. ಅದು ಸಿಹಿನೀರಿನ ಶಾಲೆ. ಅಲ್ಲಿ ನದಿಗೆ ಒಂದೇ ದಿಕ್ಕು. ಬೆಂಡು ಕೆಳಗೆ ಹೋಗುತ್ತದೆ, ಅಷ್ಟೇ. ಮಾಂಡೋವಿಯ ದಡದಲ್ಲಿ ಮೊದಲ ಸಲ ನಿಂತಾಗ ನನ್ನನ್ನು ಬೆರಗುಗೊಳಿಸಿದ್ದು ನದಿ ಹಿಂದಕ್ಕೆ ಹರಿಯುವುದು. ನೋಡನೋಡುತ್ತ ನೀರು ನಿಂತಿತು, ತೇಲುತ್ತಿದ್ದ ತೆಂಗಿನ ಗರಿ ನಿಂತಿತು, ಆಮೇಲೆ ಅದೇ ಗರಿ ಬಂದ ದಾರಿಗೆ ತಿರುಗಿ ಘಟ್ಟದ ಕಡೆಗೆ ಹೊರಟಿತು. ಗೋವೆಯವರು ಏರುವ ನೀರಿಗೆ ಭರ್ತಿ, ಇಳಿಯುವುದಕ್ಕೆ ಸುಕ್ತಿ ಎನ್ನುತ್ತಾರೆ. ದಿನಕ್ಕೆರಡು ಭರ್ತಿ, ಎರಡು ಸುಕ್ತಿ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಈ ಲೆಕ್ಕ ತಲೆಯೊಳಗೆ ಕೂತ ಮೇಲೆ ಬೆಳಗಾವಿಯ ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುವ ಕಣ್ಣೇ ಬದಲಾಗುತ್ತದೆ.

ಮಳೆಗಾಲದಲ್ಲಿ ಈ ನದೀಮುಖದಲ್ಲಿ ಆಗುವುದೇನೆಂಬುದನ್ನು ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಬಹಳ ವರ್ಷ ಅಳೆದು ನೋಡಿದ್ದಾರೆ. 1966ರಲ್ಲಿ ಶುರುವಾದ ಆ ಸಂಸ್ಥೆಗೆ ಮಾಂಡೋವಿ, ಜುವಾರಿಗಳೆಂದರೆ ಬಾಗಿಲ ಮುಂದಿನ ಪ್ರಯೋಗಶಾಲೆ. ಸಮುದ್ರದ ಉಬ್ಬರ ಮಾಂಡೋವಿಯೊಳಗೆ ಸುಮಾರು 50 ಕಿಲೋಮೀಟರ್ ದೂರದ ಗಾಂಜೆಂ ತನಕ ಏರುತ್ತದೆ. ಬೆಳಗಾವಿ ನಗರದ ವರ್ಷದ ಮಳೆ ಹನ್ನೆರಡು ನೂರು ಮಿಲಿಮೀಟರಿನ ಆಸುಪಾಸಾದರೆ ಕಣಕುಂಬಿಯದು ಮೂರು ಸಾವಿರ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನೀರೆಲ್ಲ ಒಮ್ಮೆಗೇ ಇಳಿದಾಗ ನದಿಯ ಮೇಲ್ಪದರ ಪಣಜಿಯ ತನಕವೂ ಹೆಚ್ಚುಕಡಿಮೆ ಸಪ್ಪೆಯಾಗುತ್ತದೆ. ಉಪ್ಪುನೀರು ತೂಕದ್ದು, ಅದು ಅಡಿಯಿಂದ ನುಗ್ಗಲು ನೋಡುತ್ತದೆ, ಸಿಹಿನೀರು ಮೇಲಿನಿಂದ ಒತ್ತುತ್ತದೆ. ಸೆಪ್ಟೆಂಬರ್ ಕೊನೆಗೆ ಘಟ್ಟದ ಒತ್ತಡ ಸಡಿಲಾಗುತ್ತದೆ. ಅಕ್ಟೋಬರಿನಲ್ಲಿ ಭರ್ತಿಯಿಂದ ಭರ್ತಿಗೆ ಉಪ್ಪು ಒಂದೊಂದು ಊರು ಮೇಲೇರುತ್ತದೆ. ಬಿಸಿಲು ಚುರುಕಾಗಿ ನೀರು ಬೆಚ್ಚಗಾಗುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಹಸಿರು ಬಣ್ಣ ಬರುತ್ತದೆ.

ಮೀನು ಕಚ್ಚುವುದು ಆಗ. ಮಳೆಗಾಲವಿಡೀ ಕಾಂಡ್ಲಾ ಕಾಡಿನ ಬೇರುಗಳ ನಡುವೆ, ಉಪ್ಪುಗದ್ದೆಗಳ ಕಾಲುವೆಗಳಲ್ಲಿ ಬೆಳೆದ ಸಿಗಡಿ ಮರಿಗಳು ದೊಡ್ಡವಾಗಿ ಸಮುದ್ರದ ಕಡೆ ಹೊರಡುವ ಕಾಲ ಅದು. ಗೋವೆಯವರ ಖಾಜನ್ ಗದ್ದೆಗಳಿಗೆ ಮಾನಸ ಎಂಬ ತೂಬಿನ ಬಾಗಿಲುಗಳುಂಟು. ಉಬ್ಬರಕ್ಕೆ ಮುಚ್ಚಿಕೊಂಡು, ಇಳಿತಕ್ಕೆ ತೆರೆದುಕೊಳ್ಳುವ ಮರದ ಬಾಗಿಲು. ಸುಕ್ತಿ ಹಿಡಿಯುತ್ತಿದ್ದಂತೆ ಗದ್ದೆಯ ನೀರು ಮಾನಸದ ಬಾಯಿಂದ ಹೊರಬೀಳುತ್ತದೆ, ಅದರ ಜತೆ ಸಿಗಡಿ, ಸಣ್ಣ ಮೀನು ಬೀಳುತ್ತವೆ, ಅವಕ್ಕಾಗಿ ದೊಡ್ಡವು ಹೊರಗೆ ಕಾದಿರುತ್ತವೆ. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು ಎಂಬುದರ ಮುಕ್ಕಾಲು ವಿದ್ಯೆ ಇಷ್ಟೇ: ಊಟ ಯಾವ ದಾರಿಯಲ್ಲಿ ಬರುತ್ತದೆ ಎಂದು ಮೀನಿನ ಬದಲು ನೀವು ಯೋಚಿಸಬೇಕು.

ಪಣಜಿಯಿಂದ ರಿಬಂದರಿಗೆ ಹೋಗುವ ಹಳೆಯ ಕಟ್ಟೆದಾರಿ ನನ್ನ ಅಚ್ಚುಮೆಚ್ಚಿನ ಜಾಗ. ಪೋರ್ಚುಗೀಸರು ಉಪ್ಪಿನಗದ್ದೆಗಳ ಮೇಲೆ 1630ರ ದಶಕದಲ್ಲಿ ಕಟ್ಟಿದ, ಸುಮಾರು ಮೂರು ಕಿಲೋಮೀಟರ್ ಉದ್ದದ ಕಲ್ಲಿನ ಕೆಲಸ ಅದು. ಸಂಜೆಯಾದರೆ ಅದರ ಮೋಟುಗೋಡೆಗೆ ಮೊಣಕೈ ಊರಿ ನಿಂತವರಲ್ಲಿ ಎಲ್ಲ ಬಗೆಯವರೂ ಇರುತ್ತಾರೆ: ಬರೀ ಕೈದಾರದ ಅಜ್ಜ, ಶಾಲೆ ಬಿಟ್ಟ ಹುಡುಗರು, ಜಪಾನಿನ ರೀಲು ಹಿಡಿದ ಬ್ಯಾಂಕಿನವರು. ಅಲ್ಲಿ ಜಾತಿ ಭಾಷೆ ಯಾರೂ ಕೇಳುವುದಿಲ್ಲ; "ಕಿತೆಂ ಮೆಳ್ಳೆಂ?" ಎಂದು ಕೊಂಕಣಿಯಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತೇನೆ, ಪಕ್ಕದ ನಂದಗಡದವನು ಕನ್ನಡದಲ್ಲಿ ಅದಕ್ಕೊಂದು ಬಾಲ ಸೇರಿಸುತ್ತಾನೆ.

ಜೀವಂತ ಸಿಗಡಿಯನ್ನು ಗಾಳಕ್ಕೆ ಹಾಕುವುದು ನೋಡಬೇಕಾದ ಕೆಲಸ. ಬಕೇಟಿನಿಂದ ಎತ್ತಿದ ಸಿಗಡಿ ಅಂಗೈಯಲ್ಲಿ ಟಕಟಕ ಸಿಡಿಯುತ್ತದೆ. ಅದರ ತಲೆಯ ಮೇಲೆ ಗರಗಸದ ಹಲ್ಲಿನ ಒಂದು ಕೊಂಬು. ಬೆಳಕಿಗೆ ಹಿಡಿದರೆ ಪಾರದರ್ಶಕ ತಲೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಗಾಳದ ಮೊನೆ ಕೊಂಬಿನ ಬುಡಕ್ಕೆ, ಆ ಚುಕ್ಕೆಗೆ ಮುಂದೆ ಹಾಯಬೇಕು. ಚುಕ್ಕೆಗೆ ತಗುಲಿತೋ ಸಿಗಡಿ ಅಲ್ಲೇ ಸತ್ತು ಬೆಳ್ಳಗಾಗುತ್ತದೆ. ಸರಿಯಾಗಿ ಹಾಯಿಸಿದರೆ ನೀರಿಗಿಳಿದ ಮೇಲೂ ಬಹಳ ಹೊತ್ತು ಕಾಲು ಆಡಿಸುತ್ತ ಈಜುತ್ತದೆ, ಆ ಆಟ ದಾರದಲ್ಲಿ ಬೆರಳಿಗೆ ಗೊತ್ತಾಗುತ್ತದೆ. ದೊಡ್ಡ ಮೀನು ಹತ್ತಿರ ಬಂದಾಗ ಮೊದಲು ತಿಳಿಯುವುದು ಸಿಗಡಿಯಿಂದಲೇ. ಅದು ಹುಚ್ಚುಹುಚ್ಚಾಗಿ ಹಾರತೊಡಗುತ್ತದೆ. ಆಗ ಉಸಿರು ಬಿಗಿಹಿಡಿಯಬೇಕು, ರಾಡ್ ಎತ್ತಬಾರದು.

ನಾವು ಹುಡುಕಿ ಹೋಗುವ ಮೀನು ಚೊಣಕ್. ಮಹಾರಾಷ್ಟ್ರದವರು ಜಿತಾಡಾ ಎನ್ನುವುದು ಇದನ್ನೇ, ಆಸ್ಟ್ರೇಲಿಯಾದವರ ಬಾರಾಮುಂಡಿಯೂ ಇದೇ ಜಾತಿ. ಅದು ಮೇಲ್ನೀರಿನಲ್ಲಿ ಮೇವು ಹಿಡಿದಾಗ ತುಂಬಿದ ಕೊಡವನ್ನು ಯಾರೋ ಬಾವಿಗೆ ಕವುಚಿ ಹಾಕಿದ ಸದ್ದು ಬರುತ್ತದೆ. ಕತ್ತಲಲ್ಲಿ ಆ ಸದ್ದು ಕೇಳಿ ಕಟ್ಟೆಯ ಮೇಲಿದ್ದವರೆಲ್ಲ ಮಾತು ನಿಲ್ಲಿಸಿಬಿಡುತ್ತಾರೆ. ಗಾಳ ಕಚ್ಚಿದ ಚೊಣಕ್ ಮೊದಲ ಓಟ ಮುಗಿಯುತ್ತಲೇ ನೀರಿನಿಂದ ಪೂರ್ತಿ ಮೇಲೆದ್ದು, ಬಾಯಿ ಅಗಲಿಸಿ, ತಲೆ ಕೊಡವುತ್ತದೆ. ಟಾರ್ಚ್ ಬಿಟ್ಟರೆ ಕಣ್ಣೆರಡೂ ಮಾಣಿಕ್ಯದ ಕೆಂಪು. ಅದರ ಬಾಯಲ್ಲಿ ಕೋರೆಹಲ್ಲಿಲ್ಲ, ಆದರೆ ಕಿವಿರಿನ ಮುಚ್ಚಳದ ಅಂಚು ಬಲು ಹರಿತ, ದಾರವನ್ನೂ ಬೆರಳನ್ನೂ ಒಂದೇ ಸಲಕ್ಕೆ ಕೊಯ್ಯುತ್ತದೆ. ಅದಕ್ಕೇ ಸಣ್ಣ ಬ್ರೇಡ್ ದಾರದ ಮುಂದೆ ಒಂದು ಮಾರು ದಪ್ಪ ಲೀಡರ್ ಕಟ್ಟುವುದು. ಆ ಗಂಟನ್ನು ಬೆಳಗಾವಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು, ಎಂಜಲು ಹಚ್ಚಿ ಬಿಗಿದು, ಎಳೆದು ನೋಡಿಯೇ ಹೊರಡಬೇಕು. ಗಾಳಿಯಲ್ಲಿ, ಕತ್ತಲಲ್ಲಿ ಕಟ್ಟಿದ ಗಂಟು ನಂಬಿಕೆಯದಲ್ಲ.

ಚೊಣಕ್‌ನ ಬದುಕು ತಿಳಿದ ಮೇಲೆ ಅದನ್ನು ಹಿಡಿಯುವ ರೀತಿಯನ್ನೇ ನಾನು ಬದಲಿಸಿದೆ. ಮೊಟ್ಟೆ ಮರಿಯಾಗಬೇಕಾದರೆ ಅದಕ್ಕೆ ಉಪ್ಪುನೀರು ಬೇಕು. ಮರಿ ಬೆಳೆಯಲು ಹೊಳೆ, ಕಾಲುವೆ, ಗದ್ದೆಯ ಸಿಹಿನೀರು ಬೇಕು. ಎರಡೂ ಕೂಡುವ ಕಡೆ ಮಾತ್ರ ಅದರ ಸಂಸಾರ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಬಹುಪಾಲು ಚೊಣಕ್ ಗಂಡಾಗಿ ಪ್ರಾಯಕ್ಕೆ ಬಂದು, ಆರೆಂಟು ವರ್ಷದ ವಯಸ್ಸಿಗೆ, ಮೈ ತುಂಬಿದ ಮೇಲೆ ಹೆಣ್ಣಾಗುತ್ತವೆ. ಅಂದರೆ ನದಿಯಲ್ಲಿರುವ ದೊಡ್ಡ ಮೀನುಗಳೆಲ್ಲ ಹೆಚ್ಚುಕಡಿಮೆ ತಾಯಂದಿರು. ಗಾಳದವರು ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡು ಮಾರುಕಟ್ಟೆಗೆ ಹೊತ್ತೊಯ್ಯುವುದು ಅವುಗಳನ್ನೇ. ಊಟಕ್ಕೆ ಎರಡು ಕಿಲೋದ ಒಂದು ಮೀನು ಸಾಕು, ರುಚಿಯೂ ಅದರದ್ದೇ ಹೆಚ್ಚು. ದೊಡ್ಡದನ್ನು ನೀರಿಗೆ ಬಿಡಬೇಕು ಎಂದು ನಾನು ಕಟ್ಟೆಯ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತೇನೆ. ಬಿಡುವುದೆಂದರೆ ಎಸೆಯುವುದಲ್ಲ. ಒದ್ದೆ ಕೈಯಲ್ಲಿ ಹಿಡಿದು, ಹೊಟ್ಟೆಗೆ ಆಸರೆ ಕೊಟ್ಟು, ಮೂತಿಯನ್ನು ಹರಿವಿಗೆ ಎದುರಾಗಿಟ್ಟು, ಬಾಲ ತಾನಾಗಿ ಬಡಿಯುವ ತನಕ ಕಾಯಬೇಕು. ಬಾಲದ ಆ ಮೊದಲ ಒದೆತ ಮಣಿಕಟ್ಟಿಗೆ ತಾಗಿದಾಗ ಆಗುವ ಖುಷಿ ಹಿಡಿದಾಗಿನದಕ್ಕಿಂತ ಕಡಿಮೆಯಲ್ಲ.

ಬೇರೆ ಮೀನುಗಳೂ ಉಂಟು. ತಾಂಬಸ ಎಂಬ ಕೆಂಪುಮೀನು ಕಚ್ಚಿದ ಕ್ಷಣವೇ ಬೇರಿನೊಳಗೆ ನುಗ್ಗುತ್ತದೆ. ಮೊದಲ ಎರಡು ಸೆಕೆಂಡು ನಿಮ್ಮದಾಗದಿದ್ದರೆ ಮೀನೂ ಇಲ್ಲ, ಗಾಳವೂ ಇಲ್ಲ. ಸಾಂಗಟ್ ಯಾರಿಗೂ ಬೇಡವಾಗಿ ಎಲ್ಲರಿಗೂ ಸಿಗುವ ಮೀಸೆಮೀನು. ಅದರ ಬೆನ್ನಿನ, ಪಕ್ಕದ ಮುಳ್ಳುಗಳಲ್ಲಿ ನಂಜಿದೆ. ಚುಚ್ಚಿದರೆ ಕೈಯನ್ನು ತಡೆಯುವಷ್ಟು ಬಿಸಿಯ ನೀರಿನಲ್ಲಿ ಮುಳುಗಿಸಿಡಬೇಕು, ನೋವು ಇಳಿಯುತ್ತದೆ, ಆಮೇಲೆ ಡಾಕ್ಟರಿಗೆ ತೋರಿಸಬೇಕು. ಮಾಂಡೋವಿ, ಜುವಾರಿಗಳನ್ನು ಕೂಡಿಸುವ ಕುಂಭಾರಜುವೆ ಕಾಲುವೆಯ ಕಡೆ ಹೋಗುವವರು ಮೊಸಳೆಗಳನ್ನು ಮರೆಯಬಾರದು. ನೀರಿನ ಅಂಚಿನಲ್ಲಿ ಕಾಲಿಳಿಬಿಟ್ಟು ಕೂರುವ ಜಾಗವಲ್ಲ ಅದು. ಅಕ್ಟೋಬರಿನ ಸಮುದ್ರ ಕನ್ನಡಿಯಾಗಿ ಕಂಡರೂ ಅರಬ್ಬಿಯಲ್ಲಿ ಚಂಡಮಾರುತ ಏಳುವ ಕಾಲ ಇದೇ. 2009ರ ನವೆಂಬರಿನ ಫಯಾನ್, 2019ರ ಅಕ್ಟೋಬರ್ ಕೊನೆಯ ಕ್ಯಾರ್ ಎರಡೂ ಈ ಹೊತ್ತಿನವೇ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಬಂಡೆಯ ಮೇಲೆ ನಿಲ್ಲುವುದು ಶೌರ್ಯವಲ್ಲ.

ಮನೆಗೆ ಬಂದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಉಪ್ಪು ರೀಲಿನ ಬೇರಿಂಗ್ ತಿನ್ನುತ್ತದೆ, ಗಾಳದ ಮೊನೆ ತಿನ್ನುತ್ತದೆ, ಬ್ಯಾಗಿನ ಜಿಪ್ಪನ್ನೂ ಬಿಡುವುದಿಲ್ಲ. ಎಷ್ಟೇ ನಿದ್ದೆಗಣ್ಣಿದ್ದರೂ ರಕ್ಕಸಕೊಪ್ಪದ ನಳದ ನೀರಿನಲ್ಲಿ, ಜೋರಾಗಿ ಬಿಡದೆ, ರೀಲನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಎಣ್ಣೆ ಬಿಡಬೇಕು.

ಇದನ್ನು ಗೋವೆಯವರ ಅಥವಾ ಪರದೇಶದವರ ಆಟ ಎಂದು ನಮ್ಮವರು ಭಾವಿಸುವುದುಂಟು. ಭಾರತದ ಗಾಳಗಾರಿಕೆಯ ಬಗ್ಗೆ ಬಹಳ ಹೆಸರಾದ ಇಂಗ್ಲಿಷ್ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಬರೆದವನು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್. ಮೀನಿನ ಹುಚ್ಚಿನ ಜತೆಗೆ ಮೀನಿನ ಕಾಳಜಿಯೂ ಇದ್ದವನು ಅವನು; ಆ ಪುಸ್ತಕಕ್ಕೂ ಮೊದಲೇ ಜಿಲ್ಲೆಯ ಹೊಳೆಗಳಲ್ಲಿ ಮೀನು ಉಳಿಸಿ ಬೆಳೆಸುವ ಬಗ್ಗೆ ಸರ್ಕಾರಕ್ಕೆ ವರದಿ ಬರೆದಿದ್ದ. ಇಂದಿಗೂ ಲೋಂಡಾ, ರಾಮನಗರ, ಜೋಯಿಡಾ ದಾರಿಯಲ್ಲಿ ಕಾರವಾರಕ್ಕೆ ಇಳಿದರೆ ಕಾಳಿ ನದಿ ಕಡಲು ಸೇರುವ ಕೋಡಿಬಾಗದ ಮರಳಿನಲ್ಲಿ ನಿಂತು, ಹಗುರ ರಾಡಿನಲ್ಲಿ ಕಾಣೆ ಮೀನು ಹಿಡಿಯಬಹುದು. ನಮ್ಮದೇ ರಾಜ್ಯದ ದಡ, ನಮ್ಮದೇ ಭಾಷೆಯ ಗದ್ದಲ. ಆದರೂ ನನ್ನ ಕಾಲು ಎಳೆಯುವುದು ಮಾಂಡೋವಿಯ ಕಡೆಗೆ.

ಮಹದಾಯಿ ಎಂದ ಕೂಡಲೇ ಉತ್ತರ ಕರ್ನಾಟಕದಲ್ಲಿ ಯಾರಿಗೂ ಮೀನು ನೆನಪಾಗುವುದಿಲ್ಲ, ಅದರ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆ ನೆನಪಾಗುತ್ತದೆ. ಆಗಬೇಕಾದದ್ದೂ ಅದೇ. ನವಿಲುತೀರ್ಥದ ಜಲಾಶಯ ತುಂಬದೆ ಉಳಿದ ವರ್ಷಗಳನ್ನು ನರಗುಂದ, ನವಲಗುಂದದ ರೈತರು ಮೈಮೇಲೆ ಅನುಭವಿಸಿದ್ದಾರೆ; 2015ರಿಂದ ಅವರು ರಸ್ತೆಯಲ್ಲಿ ಕೂತು ಮಾಡಿದ ಹೋರಾಟ ಬಾಯಾರಿಕೆಯ ಹೋರಾಟ. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು, 2020ರ ಫೆಬ್ರವರಿಯಲ್ಲಿ ಅದು ರಾಜಪತ್ರದಲ್ಲಿ ಪ್ರಕಟವಾಯಿತು. ಹುಬ್ಬಳ್ಳಿ ಧಾರವಾಡದ ಕೊಡಗಳಿಗೆ ಆ ನೀರು ಬರಲಿ ಎಂದೇ ನಾನೂ ಬಯಸುತ್ತೇನೆ. ಆದರೆ ಆ ಮಾತಿನ ಬೆನ್ನಿಗೇ ವೇದಿಕೆಗಳಲ್ಲಿ ಕೇಳಿಬರುವ ಇನ್ನೊಂದು ಮಾತನ್ನು ಒಪ್ಪಲಾರೆ: ಸಮುದ್ರಕ್ಕೆ ಹೋಗುವ ನೀರೆಲ್ಲ ಪೋಲು ಎಂಬುದು. ಮಾನಸದ ಬಾಯಲ್ಲಿ ಸುಕ್ತಿಯ ಹೊತ್ತಿಗೆ ನಿಂತು ನೋಡಿದವರಿಗೆ ಆ ನೀರು ಮಾಡುವ ಕೆಲಸ ಕಾಣುತ್ತದೆ. ಚೊಣಕ್‌ನ ಮರಿಗೆ ಸಿಹಿನೀರಿನ ಕಾಲುವೆ, ಸಿಗಡಿಗೆ ಕಾಂಡ್ಲಾ ಬುಡದ ಅರೆ ಉಪ್ಪು, ಕ್ಯಾಂಪಿನ ಮಾರುಕಟ್ಟೆಗೆ ಬರುವ ಬುಟ್ಟಿಯ ಒಂದು ಪಾಲು, ಎಲ್ಲವನ್ನೂ ಅದೇ ನೀರು ಸಾಕುತ್ತದೆ. ಜುಲೈ, ಆಗಸ್ಟಿನ ನೆರೆಯಲ್ಲಿ ತೆಗೆದುಕೊಳ್ಳುವ ನೀರು ಬೇರೆ. ಮಳೆ ಕಡಿಮೆಯಾದ ಮೇಲೆ ನದಿಯಲ್ಲಿ ಉಳಿದಿರುವ ಸಣ್ಣ ಹರಿವು ಬೇರೆ. ಯೋಜನೆ ಮಾಡುವವರು ತಿಂಗಳು ತಿಂಗಳಾಗಿ ಲೆಕ್ಕ ಹಾಕಲಿ, ನದೀಮುಖವನ್ನೂ ಒಬ್ಬ ಹಕ್ಕುದಾರನೆಂದು ಬರೆದುಕೊಳ್ಳಲಿ. ಭೀಮಗಡವನ್ನು 2011ರಲ್ಲಿ ಅಭಯಾರಣ್ಯ ಮಾಡಿದ್ದು ಬಾವಲಿ, ಹುಲಿಗಳಿಗಾಗಿ ಎಂದು ನಾವು ಹೇಳುತ್ತೇವೆ; ಆ ಕಾಡು ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಚಳಿಗಾಲದ ತನಕ ಮಾಂಡೋವಿಯಲ್ಲಿ ಸಿಹಿನೀರಿನ ಎಳೆಯೊಂದು ಉಳಿಯುತ್ತದೆ.

ಶರತ್ಕಾಲದ ಅತಿ ದೊಡ್ಡ ನೀರು ಬರುವುದು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿಗೆ. ದೀಪಾವಳಿಯ ಅಮಾವಾಸ್ಯೆ ಅದರಲ್ಲೊಂದು. ಲಕ್ಷ್ಮೀಪೂಜೆಯ ಸಂಜೆ ಮನೆ ಬಿಟ್ಟು ಹೋಗುವ ಮಾತಿಲ್ಲ. ಬೆಳಗಾವಿಯ ಓಣಿಗಳಲ್ಲಿ ಹುಡುಗರು ಮಣ್ಣಿನ ಕಿಲ್ಲೆ ಕಟ್ಟಿ ಮಾವಳೆಯರ ಗೊಂಬೆ ನಿಲ್ಲಿಸಿರುತ್ತಾರೆ, ಅದನ್ನು ನೋಡಬೇಕು, ಕರದಂಟು, ಚಕ್ಕುಲಿ ಹಂಚಬೇಕು. ಪಾಡ್ಯ ಕಳೆದ ಮರುದಿನ ನಸುಕಿಗೆ ಹೊರಡುವುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಕರಾರು. ಆಗಲೂ ನೀರಿನ ಎಳೆತ ಬಲವಾಗಿಯೇ ಇರುತ್ತದೆ. ನಂದಗಡದವನು ಹಬ್ಬಕ್ಕೆ ಊರಿಗೆ ಮೇಲೇರಿರುತ್ತಾನೆ, ಅವ್ವನಿಗೆಂದು ಬರ್ಫದ ಡಬ್ಬಿಯಲ್ಲಿ ಒಂದು ಮೀನು ತಂದಿರುತ್ತಾನೆ. ನಾನು ಜಾಂಬೋಟಿ ದಾಟುವ ಹೊತ್ತಿಗೆ ಅವನ ಫೋನ್ ಬರುತ್ತದೆ: "ಕಾಕಾ, ಮನಿ ಕೀಲಿ ಬಾಜೂಮನಿ ಮಾವಶಿ ಹತ್ರ ಐತಿ. ಸಿಗಡಿ ಹಿತ್ತಲದಾಗ ಬಕೇಟಿನ್ಯಾಗ ಅದಾವು, ಗಾಳಿ ಮಷಿನ್ ಚಾಲೂ ಇಟ್ಟೇನಿ. ದೊಡ್ಡೂ ಅಷ್ಟೂ ನೀವ ಹಾಕಬ್ಯಾಡ್ರಿ, ನಾ ಬರೋಮಟಾ ನಾಕ ಉಳಸ್ರಿ."